ಅಂಗಡಿ ಮೂಲೆಯ ಸರ್ವರ್, ಅಕ್ಕನ ಮನೆಯ ನಕಲು

ಹತ್ತು ಜನರ ಕೆಲಸವನ್ನು ನಮ್ಮಲ್ಲಿ ಇಟ್ಟುಕೊಂಡರೆ ಇಂಥವು ನಡೆಯುತ್ತಲೇ ಇರುತ್ತವೆ.

ಕೆ.ಬಿ. ಬಡಾವಣೆಯಲ್ಲಿ ನನ್ನದು ಡಿ.ಟಿ.ಪಿ. ಅಂಗಡಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಕಂಪ್ಯೂಟರನ್ನು ಪುಸ್ತಕ ಓದಿಯೇ ಕಲಿತೆ. ನಾವೊಂದಿಷ್ಟು ಜನ ಸೇರಿ ಕನ್ನಡದ ಕಾಗುಣಿತ ತಿದ್ದುವ ತಂತ್ರಾಂಶ ಬರೆಯುತ್ತೇವೆ. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು. ಅದರ ಕೋಡ್ ಯಾವುದೋ ದೊಡ್ಡ ಕಂಪನಿಯ ತಾಣದಲ್ಲಿತ್ತು. "ಮಂದಿ ಜಗಲಿ ಯಾಕ? ನನ್ನ ಅಂಗಡೀಲೇ ಇಡೋಣ" ಅಂದೆ.

"ಕಳೆದ್ರೆ?" ಅಂದರು ನಮ್ಮ ಜೊತೆ ಕೋಡ್ ಬರೆಯುವ ಮಲೆಬೆನ್ನೂರಿನ ಮೇಷ್ಟ್ರು.

"ಒಂದು ಸಾಲು ಕಳೆದ್ರೂ ನಾನು ಈ ಕೆಲಸಾನೇ ಬಿಡ್ತೀನ್ರಿ."

೧. ಬಾಗಿಲ ಪ್ರಶ್ನೆ

ಕೋಡ್ ಇಡಲು ಅಂಗಡಿ ಮೂಲೆಯಲ್ಲಿ ಕೂರಿಸಿದ ಸರ್ವರ್ ಮೊದಲ ವಾರವೇ ಏದುಸಿರು ಬಿಟ್ಟಿತು. ಬಂದವರು ಮನುಷ್ಯರಲ್ಲ, ಜಾಲದಲ್ಲಿ ಕಂಡದ್ದನ್ನೆಲ್ಲ ಗುಡಿಸಿಕೊಂಡು ಹೋಗುವ ಯಂತ್ರಗಳು. ಉತ್ತರ ಕೊಟ್ಟವರಿಗಷ್ಟೇ ಒಳಗೆ ದಾರಿ ಅಂತ ತಾಣದ ಬಾಗಿಲಲ್ಲೇ ಒಂದು ಪ್ರಶ್ನೆ ಇಟ್ಟೆ: "ನಮ್ಮೂರ ಬೆಣ್ಣೆ ದೋಸೆ ಜೊತೆ ಕೊಡೋ ಪಲ್ಯ ಯಾವುದರದು?" ಯಂತ್ರಗಳು ಹೊರಗೆ ನಿಂತವು. ಮೇಷ್ಟ್ರೂ ನಿಂತರು.

"ಆಲೂಗಡ್ಡೆ ಅಂತ ಗೊತ್ತಿಲ್ಲೇನ್ರಿ?"

"ನಾನು ಮಂಡಕ್ಕಿ ಮಿರ್ಚಿ ತಿಂದು ಬಸ್ ಹತ್ತೋನಮ್ಮ. ಪಲ್ಯದ ಮುಖ ಯಾರು ನೋಡ್ಯಾರ?"

೨. ಹರಿಹರದ ನಕಲು

ಹರಿಹರದ ಅಕ್ಕನ ಮನೆಯಲ್ಲಿ ಇನ್ನೊಂದು ಯಂತ್ರ ಇಟ್ಟೆ. ದಿನಾ ಸಂಜೆ ಅಂಗಡಿಯದನ್ನು ಅದು ತಾನೇ ನಕಲು ಮಾಡಿಕೊಳ್ಳುತ್ತದೆ. "ಏನಾದ್ರೂ ಆಗ್ಲಿ, ಆರಿಸಬ್ಯಾಡ" ಅಂತ ಅಕ್ಕನಿಗೆ ಹತ್ತು ಸಲ ಹೇಳಿ ಬಂದೆ. ವಾರ ಬಿಟ್ಟು ಅವಳದೇ ಫೋನ್.

"ಹಿಂದಿನಿಂದ ಬಿಸಿಗಾಳಿ ಭಾಳ ಚೆನ್ನಾಗಿ ಬರ್ತೈತೆ ಕಣೆ. ಹಪ್ಪಳ ಗರಿಗರಿ ಒಣಗ್ಯಾವೆ. ಇದಕ್ಕಿಂತ ದೊಡ್ಡದು ಐತೇನು?"

೩. ಬಾಡದ ಹೂ

ಆಯುಧ ಪೂಜೆಯ ಮರುದಿನ ಸುಳ್ಳು ಖಾತೆಗಳನ್ನು ಅಳಿಸಲು ಕೂತವಳು ಒಂದು ಆಜ್ಞೆ ತಪ್ಪು ಕೊಟ್ಟು ಎಲ್ಲರ ಕೋಡನ್ನೂ ಅಳಿಸಿಬಿಟ್ಟಿದ್ದೆ. ಗೊತ್ತಾದದ್ದು ಅದರ ಮಾರನೇ ಬೆಳಿಗ್ಗೆ, ಮೇಷ್ಟ್ರ ಫೋನಿನಿಂದ: "ಅಮ್ಮ, ಒಳಗೆ ಏನೂ ಕಾಣವಲ್ದು."

ಇಲ್ಲಿ ಅಳಿದದ್ದು ಸಂಜೆ ಹರಿಹರದಲ್ಲೂ ಅಳಿಯುತ್ತದೆ. ಹಾಗೆ ಹೊಂದಿಸಿದವಳು ನಾನೇ. ಆ ಸಂಜೆ ಕಳೆದುಹೋಗಿತ್ತು. ಅಕ್ಕನಿಗೆ ಫೋನ್ ಹಚ್ಚಿದೆ.

"ಅಕ್ಕ, ಯಂತ್ರ ಹೆಂಗೈತೆ?"

"ಬೈಬ್ಯಾಡ. ಆಯುಧ ಪೂಜೆ ದಿನ ಬೆಳಿಗ್ಗೇನೇ ಆರಿಸಿ, ಕುಂಕುಮ ಇಟ್ಟು ಹೂ ಏರಿಸಿದ್ದೆ. ಹೂ ಬಾಡೋತನಕ ಹಚ್ಚೋದು ಬ್ಯಾಡ ಅಂತ ಹಂಗೇ ಬಿಟ್ಟೀನಿ."

ಸಿಕ್ಕ ಬಸ್ಸಿಗೆ ಹೋಗಿ, ಹೂವಿನ ಸಮೇತ ಯಂತ್ರವನ್ನು ಮಡಿಲಲ್ಲಿಟ್ಟುಕೊಂಡು ಬಂದೆ. ಹಬ್ಬದಲ್ಲಿ ಯಾರೂ ಏನೂ ಬರೆದಿರಲಿಲ್ಲ. ಒಂದು ಸಾಲೂ ಕಳೆದಿರಲಿಲ್ಲ. ಎಲ್ಲವನ್ನೂ ಅಂಗಡಿಯ ಸರ್ವರಿಗೆ ವಾಪಸ್ ತುಂಬಿದೆ.

ಮೇಷ್ಟ್ರು ಎಲ್ಲರಿಗೂ ಕಾಣುವಂತೆ ಬರೆದರು: "ಒಂದು ನಕಲನ್ನು ಸಂಪರ್ಕ ತಪ್ಪಿಸಿ ಬೇರೆ ಊರಲ್ಲಿಟ್ಟದ್ದು ದೊಡ್ಡ ದೂರದೃಷ್ಟಿ. ಈ ವ್ಯವಸ್ಥೆ ಯಾರದು?"

ಅಕ್ಕನದು ಎಂದು ಒಪ್ಪಿಕೊಂಡೆ. ಈಗ ಕೃತಜ್ಞತೆಯ ಪಟ್ಟಿಯಲ್ಲಿ ಅವಳ ಹೆಸರು ನನಗಿಂತ ಮೇಲಿದೆ. ಫೋನ್ ಮಾಡಿ ಹೇಳಿದೆ.

"ಹೆಸರು ಇರ್ಲಿ," ಅಂದಳು ಅಕ್ಕ, "ಮೊದಲು ಯಂತ್ರ ತಂದುಕೊಡು. ಹಪ್ಪಳ ಮೆತ್ತಗಾಗ್ಯಾವೆ."