ಜಿರಳೆಗೆ ಮರ್ಯಾದೆ

ನಮ್ಮ ಅತ್ತೆಯ ಮನೆಯಲ್ಲಿ ಜಿರಳೆಗೆ ಸಿಗುತ್ತಿದ್ದ ಮರ್ಯಾದೆ ಅಳಿಯನಿಗೂ ಸಿಕ್ಕಿದ್ದಿಲ್ಲ. ಉತ್ಪ್ರೇಕ್ಷೆ ಅಂದುಕೊಂಡಿರಾ? ನನ್ನ ಗಂಡನನ್ನೇ ಕೇಳಿ! ಆ ಬಡಪಾಯಿಯ ಕಥೆಗೆ ಆಮೇಲೆ ಬರುತ್ತೇನೆ.

ಅತ್ತೆ ಎಂದರೆ ನನ್ನ ಅಪ್ಪನ ತಂಗಿ. ಕಂಪ್ಲಿಯಲ್ಲಿ ಹುಟ್ಟಿ ಹೊಸಪೇಟೆಗೆ ಸೊಸೆಯಾಗಿ ಹೋದವಳು. ಮನೆ ಹಳೇ ಓಣಿಯಲ್ಲಿ, ಬಾಗಿಲ ಎದುರಿಗೇ ಚರಂಡಿ. ಜಿರಳೆ ಕಂಡರೆ ಉಳಿದ ಮನೆಗಳಲ್ಲಿ ಪೊರಕೆ ಏಳುತ್ತದೆ, ಚಪ್ಪಲಿ ಹಾರುತ್ತದೆ, ಹೆಂಗಸರು ಕುರ್ಚಿ ಏರುತ್ತಾರೆ. ಅತ್ತೆ ಮಾತ್ರ ಸಾರಿಗೆ ಉಪ್ಪು ಸಾಕೇ ಎಂದು ನೋಡುವವಳ ಮುಖದಲ್ಲಿ ಎದ್ದು ಹೋಗಿ ಒಂದು ಸ್ಟೀಲ್ ಲೋಟ ತರುತ್ತಿದ್ದಳು.

ಇದಕ್ಕೆ ಕಾರಣ ಅಹಿಂಸೆಯಲ್ಲ, ಅವಳ ಗಂಡ, ನಮ್ಮ ಮಾವ. ಸಂಡೂರಿನ ಗಣಿಯಲ್ಲಿ ಅದಿರಿನ ಲಾರಿ ಓಡಿಸಿ ಓಡಿಸಿ, ಅರ್ಧ ಗುಡ್ಡವನ್ನು ಊರಾಚೆ ಸಾಗಿಸಿ, ಇನ್ನರ್ಧವನ್ನು ಎದೆಯಲ್ಲಿಟ್ಟುಕೊಂಡು ಮನೆಗೆ ಬಂದಿದ್ದರು. ಮಲಗಿದರೆ ಉಸಿರು ಸಿಗದು. ಮಂಚದ ಮೇಲೆ ದಿಂಬು ಅಪ್ಪಿಕೊಂಡು ಹಗಲೂ ರಾತ್ರಿ ಕೂತೇ ಇರುತ್ತಿದ್ದರು. ಹೊಗೆ ಬೇಡ, ಘಾಟು ಬೇಡ, ಗಾಬರಿಯಂತೂ ಬೇಡವೇ ಬೇಡ ಎಂದು ಡಾಕ್ಟರು ಹೇಳಿದ್ದರು. ಒಮ್ಮೆ ಕೆಮ್ಮು ಹತ್ತಿದರೆ, ಹೋದ ಉಸಿರು ತಿರುಗಿ ಬರುತ್ತದೆಂಬ ಭರವಸೆ ಯಾರಿಗೂ ಇರಲಿಲ್ಲ. ಪಕ್ಕದ ಮನೆಯವರು ಜಿರಳೆಗೆ ಸ್ಪ್ರೇ ಹೊಡೆದ ದಿನ, ಕಿಟಕಿಯಿಂದ ಬಂದ ವಾಸನೆಗೇ ಮಾವನ ತುಟಿ ನೀಲಿಯಾಗಿ, ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಬೇಕಾಯಿತು. ಆ ಮನೆಯ ಜಿರಳೆಗಳಾದರೋ ಸಾಯದೆ, ಸಂಸಾರ ಸಮೇತ ಅತ್ತೆಯ ಮನೆಗೆ ಬಂದು ನೆಲೆಸಿದವು!

ಅಲ್ಲಿಂದ ಅತ್ತೆಯ ಮನೆಯಲ್ಲಿ ಒಗ್ಗರಣೆಗೆ ಮೆಣಸಿನಕಾಯಿ ಬೀಳಲಿಲ್ಲ. ಊದುಬತ್ತಿ ಹೊತ್ತಲಿಲ್ಲ, ದೇವರು ಬರೀ ಹೂವಿನಲ್ಲೇ ತೃಪ್ತಿಪಟ್ಟ. ಬೋರಿಕ್ ಪುಡಿ ಹಾಕೆಂದು ನಾನೊಮ್ಮೆ ಸಲಹೆ ಕೊಟ್ಟೆ. ಅದು ಗಾಳಿಗೆ ಹಾರಿ ಮಾವನ ಮೂಗಿಗೆ ಹೋದರೆ ನೀನು ಉಸಿರು ಕೊಡುತ್ತೀಯಾ ಎಂದು ಅತ್ತೆ ಕೇಳಿದಳು.

ಹೀಗಾಗಿ ಉಳಿದದ್ದು ಲೋಟ. ಜಿರಳೆಯ ಮೇಲೆ ಅದನ್ನು ಮೆತ್ತಗೆ ಬೋರಲು ಹಾಕುವುದು, ಅಡಿಯಿಂದ ತೆಳ್ಳಗಿನದೇನನ್ನಾದರೂ ತೂರಿಸಿ, ಹಾಗೇ ಎತ್ತಿ ಹೊರಗೆ ಬಿಟ್ಟುಬರುವುದು. ರಟ್ಟು ಮಡಚಿಕೊಳ್ಳುತ್ತಿತ್ತು, ಪೇಪರು ಹರಿಯುತ್ತಿತ್ತು. ಕಡೆಗೆ ಅತ್ತೆಗೆ ಹೇಳಿ ಮಾಡಿಸಿದಂಥ ವಸ್ತು ಸಿಕ್ಕಿತು: ಮಾವನ ಎದೆಯ ಎಕ್ಸ್‌ರೇ! ಆಸ್ಪತ್ರೆಯವರು ಒಂದರ ಮೇಲೊಂದು ತೆಗೆದು ಕೊಟ್ಟಿದ್ದರಲ್ಲ, ಮನೆಯಲ್ಲಿ ಅದಕ್ಕೇನು ಬರವೇ? ಮಾವನ ಪಕ್ಕೆಲುಬುಗಳ ಮೇಲೆ ಜಿರಳೆಯನ್ನು ಕೂರಿಸಿಕೊಂಡು, "ನಡ್ರಿ, ಸಾವಕಾಶ ಹೊರಗ ಹೋಗೋಣು" ಎಂದು ಪಿಸುಗುಡುತ್ತ ಅತ್ತೆ ಅಂಗಳ ದಾಟುವುದನ್ನು ಕಣ್ಣಾರೆ ನೋಡಬೇಕಿತ್ತು.

ಮಾವ ಅದನ್ನು ಕಂಡು ನನ್ನನ್ನು ಹತ್ತಿರ ಕರೆದರು. "ನೋಡವ್ವ... ನನ್ನ ಎದಿ... ಕಡೀಗೆ ಒಂದು ಕೆಲಸಕ್ಕ ಬಂತು" ಎಂದು ನಕ್ಕರು. ನಗು ಕೆಮ್ಮಾಯಿತು, ಕೆಮ್ಮು ಗೊರಗೊರ ಸದ್ದಾಯಿತು. ನಾವು ನಗುವುದನ್ನು ಅರ್ಧಕ್ಕೇ ನಿಲ್ಲಿಸಿ ಅವರ ಬೆನ್ನು ನೀವುತ್ತ ನಿಂತೆವು.

ಕಂಪ್ಲಿಯಿಂದ ನಾನು ತಂದ ಅಕ್ಕಿಚೀಲದೊಳಗಿಂದ ಒಂದು ದಿನ ನಾಲ್ಕಾರು ಜಿರಳೆ ಒಟ್ಟಿಗೆ ಹೊರಟವು. ಹೆಂಡತಿಯ ತವರಿನವರು ಬಂದಿದ್ದಾರೆ, ಚಹಾ ಇಡಿ ಎಂದು ಮಾವನ ಅಪ್ಪಣೆಯಾಯಿತು. ನಾನು ಮಾತ್ರ ಕಾಲ ಮೇಲೆ ಹತ್ತಿದ ಒಂದನ್ನು ಕಂಡು ಕಿಟಾರನೆ ಕಿರುಚಿಬಿಟ್ಟೆ. ಬೆಚ್ಚಿಬಿದ್ದ ಮಾವನಿಗೆ ಉಸಿರು ಹಿಡಿಯಿತು. ಅದು ತಿರುಗಿ ಬರುವ ತನಕ ಅತ್ತೆ ನನ್ನನ್ನು ನೋಡಿದ ನೋಟವಿದೆಯಲ್ಲ, ಅದಕ್ಕಿಂತ ಜಿರಳೆಯೇ ವಾಸಿ!

ಆಮೇಲೆ ಕಾನೂನು ಜಾರಿಯಾಯಿತು. ಜಿರಳೆ ಕಂಡರೆ ಯಾರೂ ಬಾಯಿ ಬಿಡಬಾರದು, ಸೆರಗು ಕಚ್ಚಿಕೊಂಡು ಶಾಲೆ ಮಕ್ಕಳ ಹಾಗೆ ಕೈ ಎತ್ತಬೇಕು. ಹಂಪಿ ನೋಡಲು ಬಂದು ಉಳಿದುಕೊಳ್ಳುವ ನೆಂಟರಿಗೂ ಇದೇ ಕಾನೂನು. ಮದುವೆಯಾದ ಹೊಸತರಲ್ಲಿ ನನ್ನ ಗಂಡ ಊಟಕ್ಕೆ ಬಂದವರು, ಬಾಯಿ ತುಂಬ ಅನ್ನವಿದ್ದದ್ದರಿಂದ ಸಾರು ಬೇಕೆಂದು ಕೈ ಎತ್ತಿದರು. ಅತ್ತೆ ಲೋಟ, ಎಕ್ಸ್‌ರೇ ಹಿಡಿದು ಬಂದು ಅವರ ತಟ್ಟೆಯ ಸುತ್ತ ಹುಡುಕಿದಳು. ಏನೂ ಸಿಗದೆ ಒಳಗೆ ಹೋದಳು. ಸಾರು ಬರಲೇ ಇಲ್ಲ.

ಅತ್ತೆಗೆ ಹೆದರಿಕೆ ಎಂಬ ನರವನ್ನೇ ದೇವರು ಇಟ್ಟಿಲ್ಲವೆಂದು ನಾವೆಲ್ಲ ತೀರ್ಮಾನಿಸಿಬಿಟ್ಟಿದ್ದೆವು.

ಮಾವ ಹೋದದ್ದು ಹೊಗೆಯಿಂದಲ್ಲ, ಘಾಟಿನಿಂದಲ್ಲ, ಗಾಬರಿಯಿಂದಲೂ ಅಲ್ಲ. ಡಾಕ್ಟರು ಹೇಳಿದ್ದನ್ನೆಲ್ಲ ಪಾಲಿಸಿಯೇ ಹೋದರು. ಬೆಳಗಿನ ಚಹಾ ಅರ್ಧ ಕುಡಿದು ದಿಂಬಿನ ಮೇಲೆ ತಲೆಯಿಟ್ಟವರು ಮತ್ತೆ ಎತ್ತಲಿಲ್ಲ. ಅತ್ತೆ ಅಂದೂ ದನಿ ತೆಗೆಯಲಿಲ್ಲ, ಸೆರಗಿನಲ್ಲಿ ಕಣ್ಣೊರೆಸಿಕೊಂಡಳು, ಅಷ್ಟೆ. ಗಟ್ಟಿ ಹೆಂಗಸು ಎಂದು ಓಣಿಯವರು ಮಾತಾಡಿಕೊಂಡರು.

ದಿವಸದ ಕಾರ್ಯದಂದು ಮಾವನಿಗೆ ಇಷ್ಟವೆಂದು ಮಿರ್ಚಿ ಬಜ್ಜಿ ಕರಿದೆವು. ಇದ್ದಾಗ ಘಾಟಿಗೆ ಹೆದರಿ ಒಂದನ್ನೂ ಕರಿಯಲಿಲ್ಲ, ಈಗ ಬುಟ್ಟಿ ತುಂಬ! ಮಾವನ ಕೋಣೆಯಲ್ಲಿ ಎಡೆ ಇಟ್ಟು, ಹೋದವರು ಬಂದು ಉಣ್ಣಲೆಂದು ಬಾಗಿಲು ಮುಂದೆಳೆದು ಹೊರಗೆ ಕಾದೆವು. ತುಸು ಹೊತ್ತಾದ ಮೇಲೆ ಅತ್ತೆಯೇ ಬಾಗಿಲು ತೆಗೆದಳು. ಬಜ್ಜಿಯ ಮೇಲೆ ಒಂದು ದಪ್ಪ ಜಿರಳೆ ಮೀಸೆ ಆಡಿಸುತ್ತ ಕೂತಿತ್ತು. ನಾನು ಲೋಟ ತರಲು ತಿರುಗಿದೆ.

ಅತ್ತೆ ಚೀರಿದಳು. ಓಣಿಯ ತುದಿಗೆ ಕೇಳುವ ಹಾಗೆ, ಗೋಡೆಗೆ ಬೆನ್ನು ಹಚ್ಚಿ ಚೀರಿದಳು. ಮರುಕ್ಷಣ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಗಾಬರಿಯಿಂದ ಮಂಚದ ಕಡೆ ನೋಡಿದಳು. ಹಾಸಿಗೆ ಸುತ್ತಿಟ್ಟ ಬರೀ ಮಂಚ.

ಯಾರೋ ಪೊರಕೆ ತಂದು ಜಿರಳೆಯನ್ನು ಬಡಿದರು. ಅತ್ತೆ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡು ಮೆಲ್ಲಗೆ ಹೇಳಿದಳು, "ಸಣ್ಣಾಕಿ ಇದ್ದಾಗಿಂದ ನಂಗ ಜಿರ್ಲಿ ಅಂದ್ರ ಭಾಳ ಹೆದ್ರಿಕಿ. ಅವ್ರಿಗೆ ಗೊತ್ತಾಗಬಾರ್ದು ಅಂತ..."

ಇಷ್ಟು ವರ್ಷ, ದಿನವೂ, ಆ ಹೆದರಿಕೆಯನ್ನು ನುಂಗಿಕೊಂಡು ಅವಳು ಲೋಟ ಹಿಡಿದಿದ್ದಳು. ಬಾಯಿಗೆ ಬಂದ ಸಮಾಧಾನ ಹೇಳಿದೆ, "ಇನ್ನ ಚೀರಿದ್ರ ಏನೂ ಆಗಂಗಿಲ್ಲ ಬಿಡತ್ತಿ."

ಆ ಮಾತು ಕೇಳಿಯೇ ಅತ್ತೆ ಕುಸಿದು ಕೂತು, ಮಾವ ಹೋದ ಮೇಲೆ ಮೊದಲ ಸಲ, ಗಟ್ಟಿಯಾಗಿ ಅತ್ತಳು.