ಹೆಸರಿಗೆ ಜಾಗವಿಲ್ಲ

ಮಂತ್ರಿಗಳ ಹೆಸರನ್ನು ಕಲ್ಲಿನ ಮೇಲ್ತುದಿಗೆ ಬರೆದದ್ದೇ ತಪ್ಪಾಯಿತು. ಸಂಜೆ ಬಸ್ ನಿಲ್ದಾಣದ ಉದ್ಘಾಟನೆ. ಕೆತ್ತನೆಗಾರ ಬೆಳಗ್ಗೆಯೇ ಸೀಮೆಸುಣ್ಣದಲ್ಲಿ ಇಂಗ್ಲಿಷ್ ಅಕ್ಷರ ಗುರುತು ಮಾಡಿಕೊಂಡು ಉಳಿ ಹಿಡಿದು ಕೂತಿದ್ದ. ಈ ಕಲ್ಲು ಮಂತ್ರಿಗಳಿಗೆ ಒಪ್ಪಿಗೆಯಾದರೆ ಇಲಾಖೆಯ ಮುಂದಿನ ಕಲ್ಲುಗಳೆಲ್ಲ ಅವನಿಗೇ ಎಂದು ಎಂಜಿನಿಯರು ಮಾತು ಕೊಟ್ಟಿದ್ದರು. ಮಂತ್ರಿಗಳೋ ವಾರಕ್ಕೊಂದು ಪರದೆ ಎಳೆಯುವವರು. ಹೆಂಡತಿ ಆಗಲೇ ಸೋರುವ ಮಾಡಿನ ರಿಪೇರಿ ಮಾತೆತ್ತಿದ್ದಳು.

ಮೊದಲು ಬಂದ ಮಂತ್ರಿಗಳ ಪಿ.ಎ. ಆ ಹೆಸರನ್ನು ಅಂಗೈಯಿಂದ ಒರೆಸಿಯೇಬಿಟ್ಟರು. ಹೆಸರು ಮುಂದೆ ಬಂದರೆ ಬೀದಿಯಲ್ಲಿ ನಿಂತು ಕೂಗಿದ ಹಾಗಂತೆ. 'ದಿ ಆನರಬಲ್ ಮಿನಿಸ್ಟರ್' ಮೊದಲು ಬರಬೇಕಂತೆ. ಕೆತ್ತನೆಗಾರ ಹಲ್ಲು ಕಚ್ಚಿಕೊಂಡು ಕೆತ್ತಿದ. ಅಷ್ಟರಲ್ಲಿ ಎಂಜಿನಿಯರು ಬಂದು, ಯಾವ ಖಾತೆಯ ಮಿನಿಸ್ಟರ್ ಅಂತ ಬೇಡವೇ ಎಂದು ಗದರಿದರು. ಖಾತೆಗಳು ಮೂರಿದ್ದವು. ಕೆತ್ತಿದ್ದನ್ನು ಅಳಿಸಲು ಕಲ್ಲೇನು ಸ್ಲೇಟೇ? ಉಳಿ ಕೆಳಗಿಳಿಯುತ್ತ ಹೋಯಿತು.

ಪಕ್ಕದ ಮನೆಯ ನಿವೃತ್ತ ಇಂಗ್ಲಿಷ್ ಮೇಷ್ಟರಿಗೆ ಮನೆಯೊಳಗೆ ಇರಲಾಗಲಿಲ್ಲ. "ಮಂತ್ರಿಗಳು ಡಾಕ್ಟರಲ್ವೇನಪ್ಪಾ, ಆ 'ಡಾಕ್ಟರ್' ಎಲ್ಲಿ? ಅದು ಹೆಸರಿಗೆ ಅಂಟಿಕೊಂಡೇ ಬರ್ಬೇಕು. ಮಧ್ಯೆ ಬೇರೇನೂ ನುಗ್ಗಬಾರ್ದು."

ಹಾಗಾದರೆ ಅದಕ್ಕೆ ಮುಂಚೆ 'ಹಿಸ್ ಎಕ್ಸಲೆನ್ಸಿ' ಇರಲಿ ಎಂದರು ಪಿ.ಎ. ಮಂತ್ರಿಗಳಿಗೆ ಅದು ಸಲ್ಲದು ಎಂದರು ಮೇಷ್ಟರು. ಸಲ್ಲದಿದ್ದರೆ ನಿಮ್ಮ ಗಂಟೇನು ಹೋಗುತ್ತದೆ ಎಂದು ಪಿ.ಎ. ಕೇಳಿದರು. ಕೊನೆಗೆ ಎರಡನ್ನೂ ಕೆತ್ತಿಸಿದರು. 'ಡಾಕ್ಟರ್' ಮುಗಿದಾಗ ಕಲ್ಲೂ ಮುಗಿದಿತ್ತು.

ಕೆತ್ತನೆಗಾರ ಉಳಿಯನ್ನು ನೆಲಕ್ಕೆ ಅಪ್ಪಳಿಸಿದ. "ಈಗ ಹೆಸರೆಲ್ಲಿ ಕೆತ್ಲಿ ಸ್ವಾಮಿ? ನಿಮ್ಮ ಹಣೆ ಮೇಲಾ?"

ಪಿ.ಎ. ಗಡಿಯಾರ ನೋಡಿಕೊಂಡರು. ಬೇರೆ ಕಲ್ಲಿಗೆ ಹೊತ್ತಿರಲಿಲ್ಲ; ಇದಕ್ಕೇ ಪರದೆ ಹಾಕಿಸಿದರು.

ಸಂಜೆ ಮಂತ್ರಿಗಳು ಪರದೆ ಎಳೆದು ಮೇಲಿಂದ ಕೆಳಗೆ ನಿಧಾನವಾಗಿ ಓದಿದರು. ಮಂತ್ರಿಗಳ ಮುಖ ಅರಳಿತು. ಒಂದೂ ಬಿಟ್ಟುಹೋಗಿಲ್ಲ, ಬಹಳ ಚೆನ್ನಾಗಿದೆ ಎಂದು ಕೆತ್ತನೆಗಾರನ ಬೆನ್ನು ತಟ್ಟಿ ಕಾರು ಹತ್ತಿದರು.

ಕೆತ್ತನೆಗಾರ ಎಂಜಿನಿಯರ ಹಿಂದೆ ಓಡಿ, ಮುಂದಿನ ಕಲ್ಲು ಯಾವಾಗ ತರಲಿ ಎಂದು ಕೇಳಿದ.

"ಮುಂದಿನ ಕಲ್ಲು ಯಾಕಪ್ಪಾ? ಇದ್ರಲ್ಲಿ ಊರಿಲ್ಲ, ಕಟ್ಟಡ ಇಲ್ಲ, ಅವ್ರ ಹೆಸರೂ ಇಲ್ಲ. ಎಲ್ಲಿಗ್ ಬೇಕಾದ್ರೂ ಒಯ್ಬಹುದು."

"ಮಂತ್ರಿ ಬದಲಾದ್ರೆ?"

"ಮುಂದಿನವ್ರೂ ಡಾಕ್ಟರೇ ಆಗಿರ್ತಾರೆ ಬಿಡು."

ಬಿಚ್ಚಿ ಒಯ್ಯಲು ಅನುಕೂಲವಾಗುವಂತೆ ಮೂಲೆಗೊಂದು ಬೋಲ್ಟಿನ ತೂತು ಕೊರೆದುಕೊಡು ಎಂದು ಹೇಳಿ ಅವರು ಹೊರಟರು. ಆ ಕಲ್ಲನ್ನು ಅವರ ತಲೆಯ ಮೇಲೇ ಎತ್ತಿಹಾಕುವಷ್ಟು ಸಿಟ್ಟು ಬಂತು ಕೆತ್ತನೆಗಾರನಿಗೆ. ಬಾಯಿಗೆ ಬಂದಂತೆ ಬೈಯುತ್ತ ಕೂತು ನಾಲ್ಕು ತೂತು ಕೊರೆದ. ಇಲಾಖೆ ಅವನಿಗೆ ಕೊಟ್ಟ ಕಡೆಯ ಕೆಲಸ ಅದೇ.