ಹಳೇ ಕೇಬಲ್ಲು ಮತ್ತು ನನ್ನ ತಾಂತ್ರಿಕ ಜ್ಞಾನ

ಟಿವಿ, ವೈರು, ರಿಮೋಟು ಇವುಗಳ ವಿಷಯದಲ್ಲಿ ನಮ್ಮ ಕುಟುಂಬದಲ್ಲಿ ನನ್ನ ಮಾತೇ ಕೊನೆ. ಬೇರೆ ಯಾರೂ ಮಾತಾಡುವುದಿಲ್ಲ, ಅದೇ ಕಾರಣ. ಬ್ರಹ್ಮಾವರದಲ್ಲಿ ನಾನು ಬರೀ ಗುಮಾಸ್ತ. ಹೆಂಡತಿ ಜಲಜಳ ತವರಿನಲ್ಲಿ ಮಾತ್ರ ಮುಕ್ಕಾಲು ಇಂಜಿನಿಯರ್!

ಜಲಜಳ ಅಣ್ಣ ಸುಧಾಕರ ಭಾವ ಮುಂಬೈಯ ಹೋಟೆಲ್ ಮುಚ್ಚಿ ಬೈಂದೂರಿಗೆ ಬಂದು ನೆಲೆಸಿದರು. ಬರುವಾಗ ಹಳೆಯ ತ್ರೀಡಿ ಟಿವಿಯನ್ನೂ, ತ್ರೀಡಿಯಲ್ಲೇ ತೆಗೆಸಿದ್ದ ಮಗಳ ಮದುವೆಯ ಡಿಸ್ಕನ್ನೂ ತಂದರು. ಅದರಲ್ಲಿ ನನ್ನ ಮಾವ, ಅಂದರೆ ಜಲಜಳ ಅಪ್ಪ, ಇದ್ದಾರೆ. ಮಾವ ತೀರಿಹೋಗಿ ಮೂರು ವರ್ಷ.

"ಕನ್ನಡ್ಕ ಹಾಕಿ ಕಂಡ್ರೆ ಅಪ್ಪಯ್ಯ ಎದ್ರಿಗ್ ಬಂದ್ ನಿಂತಾಂಗೆ ಆತ್ತಂಬ್ರ್" ಎಂದು ಜಲಜ ತಿಂಗಳಿಂದ ಕಾಯುತ್ತಿದ್ದಳು. ಮುಂಬೈಯಲ್ಲಿ ಅತ್ತಿಗೆ ಒಮ್ಮೆ ನೋಡಿದ್ದರಂತೆ. ಆದರೆ ಅಲ್ಲಿ ಟಿವಿ ಜೋಡಿಸಿದವನು ಬೇರೆ, ಇಲ್ಲಿ ಜೋಡಿಸಿದವನು ನಾನು.

ಪರದೆಯ ಮೇಲೆ ಒಂದೇ ಮದುವೆ ಅಕ್ಕಪಕ್ಕ ಎರಡು ಬಂತು! ಇಬ್ಬರು ಮದುಮಗಳು, ಇಬ್ಬರು ಪುರೋಹಿತರು, ಇಬ್ಬರು ಮಾವ. ಎಲ್ಲರೂ ನನ್ನ ಮುಖ ನೋಡಿದರು. ಗೊತ್ತಿಲ್ಲ ಎನ್ನಲು ನಾಲಗೆ ಹೊರಳಲಿಲ್ಲ. ಡಿಸ್ಕಿನ ಪ್ಲೇಯರಿನಿಂದ ಟಿವಿಗೆ ಹೋಗುವ ಕೇಬಲ್ ಕೈಗೆತ್ತಿಕೊಂಡು, ಕಣ್ಣು ಸಣ್ಣ ಮಾಡಿ, "ಇದ್ ಹಳೇ ನಂಬ್ರಿನ ಕೇಬಲ್. ಟಿವಿಯೂ ಹಳತ್. ತ್ರೀಡಿ ಬತ್ತಿಲ್ಲ" ಎಂದು ತೀರ್ಪು ಕೊಟ್ಟೆ.

ಅಷ್ಟಕ್ಕೇ ಬಿಟ್ಟೆನೇ? ಮನೆಗೆ ಬಂದು ಕುಟುಂಬದ ವಾಟ್ಸ್ಯಾಪ್ ಗ್ರೂಪಿನಲ್ಲಿ ಪ್ರಕಟಣೆ ಹೊರಡಿಸಿದೆ. "ಹೊಸ ವರ್ಶನ್ ನಂಬರಿನ ಎಚ್‌ಡಿಎಂಐ ಕೇಬಲ್ ಇಲ್ಲದೆ ತ್ರೀಡಿ ಬರುವುದಿಲ್ಲ. ಹಳೆಯ ಟಿವಿಗಳು ಇದಕ್ಕೆ ಅನರ್ಹ. ಹೊಸ ಟಿವಿಗಳಲ್ಲಿ ಮಾತ್ರ ಈ ಸೌಲಭ್ಯ ಲಭ್ಯ. ಇದಕ್ಕೆ ವಿರುದ್ಧವಾಗಿ ಯಾರೇ ಹೇಳಿದರೂ ನಂಬತಕ್ಕದ್ದಲ್ಲ, ಅಂಥವರಿಗೆ ತಾಂತ್ರಿಕ ಜ್ಞಾನವಿರುವುದಿಲ್ಲ." ಜಲಜಳ ಬೀಜಾಡಿಯ ಚಿಕ್ಕಮ್ಮ ಕೂಡಲೇ ಕೈಮುಗಿಯುವ ಚಿತ್ರ ಹಾಕಿದರು. ನಾನು ಉಬ್ಬಿಹೋದೆ.

ಮುಂದಿನ ಶನಿವಾರ ಬೆಳಿಗ್ಗೆ ಹೊಸ ಕೇಬಲ್ ತರಲು ಜಲಜಳೊಂದಿಗೆ ಕುಂದಾಪುರದ ಅಂಗಡಿಗೆ ಹೋದೆ. ಅಂಗಡಿಯ ಹೆಂಗಸು ನನ್ನ ಭಾಷಣವನ್ನು ಪೂರ್ತಿ ಕೇಳಿ ನಕ್ಕರು.

"ಆ ನಂಬ್ರ್ ಕೇಬಲ್ದಲ್ಲ ಮಾರಾಯ್ರೆ, ಟಿವಿದ್, ಪ್ಲೇಯರ್ದ್. ಎರಡ್ ಚಿತ್ರ ಸಮಾ ಬಂತಲ್ದಾ? ಅಂದ್ರೆ ಕೇಬಲ್ ಅದ್ರ ಕೆಲ್ಸ ಮಾಡಿತ್ತ್. ಎರಡನ್ನೂ ಸೇರ್ಸುದ್ ಟಿವಿ ಕೆಲ್ಸ. ರಿಮೋಟಲ್ಲಿ ತ್ರೀಡಿ ಬಟನ್ ಒತ್ತಿದ್ರ್ಯಾ?"

ಒತ್ತಿರಲಿಲ್ಲ.

"ಹೊಸ ಟಿವಿ ತಕಂಡ್ರೆ?" ಎಂದೆ, ಮಾನ ಉಳಿಸಿಕೊಳ್ಳಲು.

"ಈಗಿನ ಟಿವಿಯಲ್ಲಿ ತ್ರೀಡಿ ಎಲ್ಲಿತ್ತ್? ಅದನ್ನ್ ಮಾಡುದೇ ನಿಲ್ಸಿ ವರ್ಷಗಟ್ಲೆ ಆಯ್ತ್. ಹಳತ್ ಇದ್ರೆ ಜೋಪಾನ ಮಾಡ್ಕಣಿ."

ಅಷ್ಟರಲ್ಲಿ ಜಲಜಳ ಫೋನು ಟಿಣ್ ಎಂದಿತು. ಸುಧಾಕರ ಭಾವನ ಸಂದೇಶ; ನನ್ನನ್ನೂ ಅವರು ಭಾವ ಎಂದೇ ಕರೆಯುವುದು. "ಭಾವನ ಸಲಹೆಯಂತೆ ಹಳೇ ಟಿವಿ ಎಕ್ಸ್‌ಚೇಂಜಿಗೆ ಕೊಡುತ್ತಿದ್ದೇವೆ. ಹನ್ನೊಂದೂವರೆಗೆ ಟೆಂಪೊ ಬರುತ್ತದೆ." ಗಂಟೆ ಆಗಲೇ ಹತ್ತು ದಾಟಿತ್ತು.

"ಅಯ್ಯೋ, ಅಪ್ಪಯ್ಯ ಹೋತ್ರ್!" ಎಂದು ಜಲಜ ಅಂಗಡಿಯಲ್ಲೇ ಕೂಗಿದಳು. "ಇನ್ನೊಂದ್ ಸಲ ಹೋತ್ರ್, ಅದೂ ನಿಮ್ಮಿಂದ!"

ಕೂಡಲೇ ಸುಧಾಕರರಿಗೆ ಫೋನ್ ಮಾಡಿದೆ.

"ಹ್ವಾಯ್ ಭಾವ, ಟಿವಿ ಕೊಡ್ಬೇಡಿ! ಗ್ರೂಪಲ್ಲಿ ಬಂದದ್ ತಪ್ಪ್!"

"ತಪ್ಪಂದ್ ಯಾರ್ ಹೇಳ್ರ್?"

"ನಾನೇ!"

"ವಿರುದ್ಧ ಹೇಳ್ದವ್ರನ್ನ್ ನಂಬುಕಾಗ ಅಂದ್ ನೀವೇ ಬರದ್ರಲ್ದಾ ಭಾವ? ಕಡೀ ಸಾಲ್ ಕಾಣಿ."

"ಆ ಕಡೀ ಸಾಲೂ ತಪ್ಪ್ ಮಾರಾಯ್ರೆ!"

"ಯಾರೋ ನಿಮ್ ಮಂಡೆ ತಿರ್ಗಿಸಿರ್. ತಾಂತ್ರಿಕ ಜ್ಞಾನ ಇಲ್ದಿದ್ದರ್" ಎಂದು ಫೋನಿಟ್ಟರು. ಆಮೇಲೆ ಎಷ್ಟು ಸಲ ಮಾಡಿದರೂ ಎತ್ತಲಿಲ್ಲ.

ಎಕ್ಸ್‌ಪ್ರೆಸ್ ಎಂದು ಬೈಂದೂರಿಗೆ ಹತ್ತಿದ ಬಸ್ಸು ಹೆಮ್ಮಾಡಿ, ತ್ರಾಸಿ, ಮರವಂತೆ, ನಾವುಂದ ಎಲ್ಲೆಲ್ಲೂ ನಿಂತಿತು. ಗ್ರೂಪಿಗೆ ತಿದ್ದುಪಡಿ ಹಾಕಿದೆ. ಕಳಿಸಿದವರು ಯಾರೆಂದು ನೋಡದೆ ಬೀಜಾಡಿ ಚಿಕ್ಕಮ್ಮ ಉತ್ತರಿಸಿದರು: "ಇದು ಸುಳ್ಳು ಸುದ್ದಿ. ನಮ್ಮ ಅಳಿಯಂದಿರು ಮೊದಲೇ ಎಚ್ಚರಿಸಿದ್ದಾರೆ!" ಪಕ್ಕದಲ್ಲಿ ಜಲಜ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಅವಳ ಅಪ್ಪನನ್ನು ನಾನೇ ಟೆಂಪೊ ಹತ್ತಿಸಿದೆನಲ್ಲ ಎಂದು ದೇವರಿಗೆಲ್ಲ ಹರಕೆ ಹೊತ್ತೆ.

ಬೈಂದೂರಿನಲ್ಲಿ ರಿಕ್ಷಾ ಹಿಡಿದು ಹೋದರೆ ಅಂಗಳದಲ್ಲಿ ಟೆಂಪೊ! ಕಂಬಳಿ ಸುತ್ತಿದ ಟಿವಿಯನ್ನು ಇಬ್ಬರು ಎತ್ತುತ್ತಿದ್ದರು. ನಾನು ಓಡಿಹೋಗಿ ಟಿವಿಯನ್ನು ತಬ್ಬಿಕೊಂಡೆ.

"ಭಾವ, ಎಂತ ಆಯ್ತ್ ನಿಮ್ಗೆ?"

"ಹತ್ತ್ ನಿಮಿಷ ಕೊಡಿ. ತ್ರೀಡಿ ಬರದಿದ್ರೆ ಟಿವಿ ಒಟ್ಟಿಗೆ ನನ್ನನ್ನೂ ಎಕ್ಸ್‌ಚೇಂಜಿಗೆ ಕೊಡಿ!"

ಟಿವಿಯನ್ನು ಒಳಗೆ ತಂದು ಅದೇ ಹಳೇ ಕೇಬಲ್ ಚುಚ್ಚಿದೆ. ಮತ್ತೆ ಎರಡು ಮದುವೆ. ಬೆವರುತ್ತ ರಿಮೋಟಿನ ತ್ರೀಡಿ ಬಟನ್ ಒತ್ತಿದೆ. ಎರಡೂ ಸರಿದು ಬಂದು ಒಂದಾದವು. ಎಲ್ಲರೂ ಕನ್ನಡಕ ಹಾಕಿಕೊಂಡೆವು.

ಮಾವ ಬಂದರು. ಹೆಗಲ ಮೇಲೆ ಶಾಲು, ಕೈಯಲ್ಲಿ ಮಜ್ಜಿಗೆ ಲೋಟ, ನೇರ ನಮ್ಮ ಕಡೆಗೇ. "ಅಪ್ಪಯ್ಯ..." ಎಂದು ಜಲಜ ಲೋಟ ತೆಗೆದುಕೊಳ್ಳಲು ಕೈ ಚಾಚಿದಳು.

ಅವರ ಹಿಂದೆ, ಕ್ಯಾಮರಾದ ವೈರು ಹಿಡಿದು ಯಾರೋ ಒಬ್ಬ ಏನೋ ಬೋಧಿಸುತ್ತಿದ್ದ. ತೆಳ್ಳಗಿದ್ದ, ತಲೆತುಂಬ ಕೂದಲಿತ್ತು. ಆದರೂ ಗುರುತು ಸಿಕ್ಕಿತು. ನಾನೇ!

ಮಾವ ಕ್ಯಾಮರಾದವನಿಗೆ ಮಜ್ಜಿಗೆ ಕೊಟ್ಟು, ಬೆರಳು ಮುಂದೆ ಚಾಚಿ ಹೇಳಿದರು: "ಹ್ವಾಯ್, ನಮ್ ಅಳಿಯಂದ್ರ್ ಹೇಳಿದ್ದ್ ಕೇಣ್ಬೇಡಿ. ಅವ್ರಿಗೆ ಎಂತದೂ ಗೊತ್ತಿಲ್ಲೆ. ನಿಮ್ ಕೆಲ್ಸ ನೀವ್ ಮಾಡಿ."

ಬೆರಳು ಪರದೆಯಿಂದ ಹೊರಬಂದು ನನ್ನ ಮೂಗಿನ ತುದಿಯಲ್ಲಿ ನಿಂತಿತು.

ಜಲಜ ಕನ್ನಡಕದಡಿಯಲ್ಲೇ ಕಣ್ಣೊರೆಸಿಕೊಂಡು, ಬೆಳಿಗ್ಗೆಯಿಂದ ಮೊದಲ ಸಲ ನಕ್ಕಳು. "ಇನ್ನೊಂದ್ ಸಲ ಹಾಕಿ ಕಾಂಬ. ಅದೇ ಜಾಗ."

ಟೆಂಪೊದವರೂ ಕನ್ನಡಕ ಕೇಳಿ ಪಡೆದು ಕೂತರು. ಊಟಕ್ಕೆ ಏಳುವಷ್ಟರಲ್ಲಿ ಆ ಜಾಗವನ್ನು ಒಂಬತ್ತು ಸಲ ಹಾಕಿದ್ದಾಯಿತು. ಒಂಬತ್ತು ಸಲವೂ ಬಟನ್ ಒತ್ತಿದವನು ನಾನೇ.